ನಮ್ಮ ನೀರು, ಗಂಗಕ್ಕನ ಮಲ್ಲಿಗೆ

ಅನಗೋಳದ ನಮ್ಮ ಅಂಗಳದಲ್ಲಿ ಅಂದು ಬೆಳಿಗ್ಗೆ ಇದ್ದವರು ನಾನು, ಕಾಂಕ್ರೀಟು ಒಡೆಯುವ ಗುತ್ತಿಗೆ ಹಿಡಿದು ಖಾನಾಪುರದಿಂದ ಬಂದ ದಸ್ತಗೀರ ಮೇಸ್ತ್ರಿ, ಅವರ ಇಬ್ಬರು ಆಳುಗಳು. ಗೋಡೆಯಾಚೆ ನಿಂತು ನೋಡುತ್ತಿದ್ದವರು ನೆರೆಮನೆಯ ಗಂಗಕ್ಕ. ಅದು ಎಂಬತ್ತರ ದಶಕ. ಓಣಿಗೇ ಮೊದಲು ಎಂದು ಹೆಮ್ಮೆಪಟ್ಟು ಹಾಕಿಸಿದ ಕಾಂಕ್ರೀಟನ್ನು ನಾನೇ ಒಡೆಸಲು ಹೊರಟಿದ್ದೆ. ಗಂಗಕ್ಕನ ಮಣ್ಣಿನ ಅಂಗಳದಲ್ಲಿ ಮಲ್ಲಿಗೆ ಅರಳಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತಿತ್ತು. ನನಗೂ ಅಂಥದೊಂದು ಬಳ್ಳಿ ಬೇಕಿತ್ತು.

ಬಿರುಕು ಎಲ್ಲಿದೆಯೆಂದು ತಿಳಿಯಲು ಮೇಸ್ತ್ರಿ ಅಂಗಳದ ನಳದ ಬುಡದಲ್ಲಿ ಒಂದು ಕೊಡ ನೀರು ಸುರಿದರು. ನೀರು ಎಲ್ಲೂ ಇಂಗಲಿಲ್ಲ. ಸರಸರ ಹರಿದು, ಗೋಡೆಯ ತೂತಿನಿಂದ ನುಸುಳಿ, ಗಂಗಕ್ಕನ ಬಳ್ಳಿಯ ಬುಡ ಸೇರಿತು.

"ಅಕ್ಕಾರ, ಇಷ್ಟ ವರ್ಷ ಆ ಮಲ್ಲಿಗೀಗೆ ನೀವ ನೀರ ಹಾಕೀರಿ ನೋಡ್ರಿ!" ಮೇಸ್ತ್ರಿ ನಕ್ಕರು.

ಗಂಗಕ್ಕ ನಗಲಿಲ್ಲ. "ಪೂರಾ ಒಡಸ್ತೀಯೇನ ತಂಗಿ? ಹಂಗಾರ ನನ್ನ ಬಳ್ಳಿ ಒಣಗತೈತಿ."

ಒಣಗಲಿ ಎಂದೇ ನನ್ನ ಮನಸ್ಸು ಹೇಳಿತು. ಆದರೆ ಆ ಮುಖ ನೋಡಿದ ಮೇಲೆ ಬಾಯಿ ಬೇರೆಯದನ್ನೇ ಹೇಳಿತು: "ಮೇಸ್ತ್ರಿ, ನಳದಿಂದ ಗ್ವಾಡಿತನಕ ಒಂದ ಪಟ್ಟಿ ಕಾಂಕ್ರೀಟ ಒಡೀದ ಹಂಗ ಬಿಡ್ರಿ."

ಮರುವರ್ಷ ನಾನು ನೆಟ್ಟ ಮಲ್ಲಿಗೆ ಬರೀ ಎಲೆ ಬಿಟ್ಟಿತು. ಗಂಗಕ್ಕನದು ಎಂದಿನಂತೆ ಅರಳಿತು. ಒಂದು ಸಂಜೆ ಅವರು ಮೊಳ ಹೂ ತಂದು ತಾವೇ ನನಗೆ ಮುಡಿಸಿದರು. ಮಾರನೆಯ ದಿನ ಬೆಳಿಗ್ಗೆ ಗೋಡೆಯ ಮೇಲಿಂದ ಇಣುಕಿ, ಬಳ್ಳಿಯಲ್ಲಿ ಇನ್ನೂ ಎಷ್ಟು ಮೊಗ್ಗು ಉಳಿದಿವೆ ಎಂದು ಎಣಿಸಿದೆ.