ನಲವತ್ತಾರನೇ ಪುಟ

ಮೈಸೂರಿನಲ್ಲಿ ನನ್ನನ್ನು ಮೊದಲು ಮಾತನಾಡಿಸಿದವರು ನನ್ನ ತಂಗಿಯ ಹೆಸರು ಹಿಡಿದು ಕರೆದರು. ಅವಳು ಜ್ವರದಲ್ಲಿ ತೀರಿಕೊಂಡು ಹದಿನೈದು ದಿನವಾಗಿತ್ತು. ಯಾದವಗಿರಿಯಲ್ಲಿ ಅವಳು ಬಾಡಿಗೆಗಿದ್ದ ಹಿತ್ತಿಲ ಕೋಣೆಯ ಬೀಗ ತೆಗೆದು, ಚಳಿಗೆ ಅವಳದೇ ಸ್ವೆಟರ್ ಹಾಕಿಕೊಂಡು ನಲ್ಲಿಯ ಹತ್ತಿರ ನಿಂತಿದ್ದೆ. ಮನೆಯ ಒಡತಿ ಸಾವಿತ್ರಮ್ಮ ಹಿಂದಿನಿಂದ, "ಬಂದ್ಬುಟ್ಯಾ ಶೈಲಾ? ಊಟ ಆಯ್ತೇನಮ್ಮ?" ಅಂದರು. ತಿರುಗಿದೆ. ಅವರ ಕೈಯಲ್ಲಿದ್ದ ಚೊಂಬು ಹಾಗೇ ನಿಂತುಬಿಟ್ಟಿತು. "ಅಕ್ಕ ಅಲ್ವಾ ನೀವು," ಎಂದು ಮೆಲ್ಲಗೆ ಹೇಳಿ ಒಳಗೆ ಹೋದರು.

ಅವಳ ಸಾಮಾನು ಕಟ್ಟಿಕೊಂಡು ವಿಜಯಪುರಕ್ಕೆ ಮರಳಬೇಕೆಂದೇ ಬಂದವಳು ನಾನು. ಇಲ್ಲೇ ಉಳಿದದ್ದು ಅವಳ ಪಿಎಚ್‌.ಡಿ. ಪ್ರಬಂಧಕ್ಕಾಗಿ. ನಮ್ಮ ಕಡೆಯ ಹಳೆಯ ಬಾವಿಗಳ ಮೇಲೆ ವರ್ಷಗಟ್ಟಲೆ ಅಲೆದು ಬರೆದದ್ದು. ಬರವಣಿಗೆ ಮುಗಿದಿತ್ತು. ಪುಟ ಸಂಖ್ಯೆ ಸರಿಪಡಿಸಿ ಪ್ರಿಂಟ್ ತೆಗೆಸುವುದಷ್ಟೇ ಬಾಕಿ. ಮನೆಯವರೇ ಸಲ್ಲಿಸಬಹುದೆಂದು ಅವಳ ಮಾರ್ಗದರ್ಶಕಿ ಮೇಡಂ ಓಡಾಡಿ ಒಪ್ಪಿಗೆ ತಂದಿದ್ದರು. ಆದರೆ ತಿಂಗಳ ಕೊನೆಯೊಳಗೆ ಕೊಡದಿದ್ದರೆ ಎಲ್ಲ ರದ್ದು. ಪುಟ ಸಂಖ್ಯೆ ಎಲ್ಲಾದರೂ ಹಾರಿದ್ದರೆ ಕಚೇರಿಯವರು ಮುಟ್ಟುವುದೂ ಇಲ್ಲವಂತೆ.

ನಮ್ಮಲ್ಲಿ ಸಾವಾದ ಮನೆಗೆ ಜನ ಬುತ್ತಿ ಕಟ್ಟಿಕೊಂಡು ಬರುತ್ತಾರೆ, ತಬ್ಬಿಕೊಂಡು ಅಳುತ್ತಾರೆ. ಇಲ್ಲಿ ಮುಚ್ಚಿದ ಪಾತ್ರೆಯೊಂದನ್ನು ಬಾಗಿಲ ಮುಂದೆ ಇಟ್ಟು ಸದ್ದಿಲ್ಲದೆ ಹೋಗುತ್ತಾರೆ. ಅದರಲ್ಲಿ ಬಸ್ಸಾರು, ಅಂದರೆ ಸೊಪ್ಪು ಕಾಳು ಬೇಯಿಸಿ ಬಸಿದ ನೀರಿನಿಂದಲೇ ಮಾಡಿದ ಸಾರು. ಮೊದಲ ಭಾನುವಾರ ನಾನು ಜೋಳದ ರೊಟ್ಟಿ ಬಡಿಯುವಾಗ ಕಿಟಕಿಯಲ್ಲಿ ಸಾವಿತ್ರಮ್ಮನ ಮುಖ ಕಂಡಿತು. ಶೈಲಾ ಕೂಡ ಭಾನುವಾರವೇ ಬಡಿಯುತ್ತಿದ್ದಳಂತೆ. ವಾರದೊಳಗೆ ನಾನು ಅಂಗಡಿಯಲ್ಲಿ ಉಳ್ಳಾಗಡ್ಡಿ ಬಿಟ್ಟು ಈರುಳ್ಳಿ ಕೇಳುವುದನ್ನು ಕಲಿತೆ. ಅಂಗಡಿಯವನು ನಗುವುದನ್ನು ನಿಲ್ಲಿಸಿದ.

ನಾನು ಓದಿದ್ದು ಪಿಯುಸಿ. ಒಂದು ಬೆಳಿಗ್ಗೆ ಅವಳ ಲ್ಯಾಪ್‌ಟಾಪ್ ತೆರೆದು ಪುಟ ಎಣಿಸತೊಡಗಿದೆ. ಕೃತಜ್ಞತೆ, ಪರಿವಿಡಿಗಳಿಗೆ ಸಣ್ಣ ರೋಮನ್ ಅಂಕಿ, ಮೊದಲ ಅಧ್ಯಾಯದಿಂದ ಒಂದು, ಎರಡು. ಅಲ್ಲಿಗೆ ಸರಿಯಿತ್ತು. ನಲವತ್ತೈದರ ನಂತರ ನಲವತ್ತೇಳು ಬಂತು. ಎಂಬತ್ತೇಳರ ನಂತರ ಎಂಬತ್ತೊಂಬತ್ತು. ನಡುವಿನ ಪುಟದಲ್ಲಿ ಅವಳು ಬರೆದದ್ದು ಎಲ್ಲಿ ಹೋಯಿತು? ಒಂದು ಸಾಲು ಅಳಿಸಿ, ಮತ್ತೆ ಬರೆದು, ಸೇವ್ ಮಾಡಿ ನೋಡಿದೆ. ಏನೂ ಬದಲಾಗಲಿಲ್ಲ. ಫೈಲಿನ ವಿವರ ತೆರೆದರೆ, ಕೊನೆಯ ಬದಲಾವಣೆ ಇಂದು, ಮಾಡಿದವರು ಶೈಲಾ ಎಂದಿತ್ತು. ಆ ಯಂತ್ರಕ್ಕೆ ಗೊತ್ತಿರುವುದು ಅವಳ ಹೆಸರೊಂದೇ ಎಂದು ನನಗೂ ತಿಳಿಯುತ್ತದೆ. ಆದರೂ ಮುಚ್ಚಿಟ್ಟು ಅಂಗಳಕ್ಕೆ ಬಂದು ಕೂತೆ.

ಕ್ಯಾಂಪಸ್ ಹತ್ತಿರ ಇಂಥ ಪ್ರಬಂಧಗಳನ್ನೇ ಪ್ರಿಂಟ್ ಮಾಡುವ ಡಿಟಿಪಿ ಅಂಗಡಿಯಿದೆ. ಅದರ ಮಾಲೀಕರು ನಾಗರಾಜು. ಅವರು ಪ್ರಿಂಟ್ ಕೊಟ್ಟಾಗ ನಲವತ್ತೈದರ ಹಿಂದೆಯೇ ಒಂದು ಬಿಳಿ ಹಾಳೆ ಹೊರಬಂತು. ಅಂಕಿಯಿಲ್ಲ, ಅಕ್ಷರವಿಲ್ಲ. ಪರದೆಯ ಮೇಲೆ ಆ ಪುಟವೇ ಇರಲಿಲ್ಲ. ಕೈಗೆತ್ತಿಕೊಂಡೆ, ಬೆಚ್ಚಗಿತ್ತು.

"ಇಲ್ಲದ ಪುಟ ಹ್ಯಾಂಗ ಬಂತ್ರಿ?"

"ಮೊದ್ಲು ನೋಡ್ದವ್ರು ಎಲ್ರೂ ಎದ್ರುಕೊಳ್ತಾರೆ ಬುಡಿ," ಎಂದು ನಕ್ಕರು. "ಏನೂ ಕಳ್ದಿಲ್ಲ ಕಣಮ್ಮ. ಅಧ್ಯಾಯ ಎಲ್ಲಾ ಬೆಸ ಸಂಖ್ಯೆಯಿಂದ್ಲೇ ಶುರುವಾಗ್ಲಿ ಅಂತ ನಿಮ್ ತಂಗಿ ಸೆಟ್ ಮಾಡವ್ರೆ. ಪುಸ್ತಕ ತೆರೆದ್ರೆ ಬಲಗಡೆ ಬರ್ಬೇಕು, ಅಷ್ಟೇಯ. ಅದ್ಕೇ ಎಡಗಡೆ ಪುಟ ಖಾಲಿ ಬುಡ್ತದೆ. ಒಂದೇ ಬದಿ ಪ್ರಿಂಟಿಗೆ ಇದ್ಯಾಕೆ ಬೇಕಿತ್ತು? ಯಾರ್ ಹೇಳ್ಕೊಟ್ರೋ."

ನಾನು. ಅವಳಿಗೆ ಆರು ವರ್ಷವಿದ್ದಾಗ. ನೋಟ್‌ಬುಕ್ಕಿನಲ್ಲಿ ಹೊಸ ಪಾಠ ಬಲಗಡೆಯಿಂದಲೇ ಶುರುವಾಗಬೇಕು, ಎಡಗಡೆ ಖಾಲಿ ಉಳಿದರೆ ಉಳಿಯಲಿ ಎಂದು ಕಲಿಸಿದ್ದೆ. ಒಮ್ಮೆ ಅವಳು ಎಡಗಡೆ ಬರೆದ ಹಾಳೆಯನ್ನು ಹರಿದೇ ಹಾಕಿದ್ದೆ. ಅವತ್ತು ಉಂಡಿರಲಿಲ್ಲ ಅವಳು.

"ತೆಗ್ದುಬುಡ್ಲಾ ಮೇಡಂ? ತೆಗೀದಿದ್ರೆ ಆಫೀಸ್ನೋರು ವಾಪಸ್ ಕಳಿಸ್ತಾರೆ."

ಹಿಂದೆ ನಿಂತ ಹುಡುಗಿ ಪೆನ್‌ಡ್ರೈವ್ ಹಿಡಿದು ಕಾಯುತ್ತಿದ್ದಳು. "ತೆಗೀರಿ," ಅಂದೆ. ಎರಡನೇ ಅಧ್ಯಾಯ ನಲವತ್ತಾರಕ್ಕೆ ಸರಿದು ಬಂತು. ಪರಿವಿಡಿಯ ಅಂಕಿಗಳೂ ಹೊಂದಿಕೊಂಡವು. ತಿಂಗಳು ಮುಗಿಯುವ ಮುಂಚೆ ಕಚೇರಿಯ ಗುಮಾಸ್ತರು ಒಂದೊಂದೇ ಹಾಳೆ ತಿರುವಿ ನೋಡಿ ಮೊಹರು ಒತ್ತಿದರು.

ನಾಗರಾಜು ಅವರಿಂದ ಇನ್ನೊಂದು ಪ್ರತಿಯನ್ನು ಅವಳಿಟ್ಟ ಹಾಗೆಯೇ, ಎರಡೂ ಬದಿಗೆ ಪ್ರಿಂಟ್ ಮಾಡಿಸಿ ಊರಿಗೆ ಒಯ್ದೆ. ಅವ್ವ ಮಡಿಲಲ್ಲಿಟ್ಟುಕೊಂಡು ತಿರುವುತ್ತಾ ಖಾಲಿ ಪುಟ ಬಂದಾಗ ನಿಂತಳು. ಅದರ ಮೇಲೆ ಅಂಗೈ ಆಡಿಸಿದಳು, ಏನೋ ಕೈಗೆ ಸಿಗಬಹುದೆಂಬಂತೆ.

ಪ್ರಬಂಧ ಸಲ್ಲಿಸಿದ ಮೇಲೆ ನಾಗರಾಜು ಅವರ ಅಂಗಡಿಯಲ್ಲೇ ಪುಟ ಜೋಡಿಸುವ ಕೆಲಸಕ್ಕೆ ಸೇರಿದ್ದೇನೆ, ಅದೇ ಕೋಣೆಯಲ್ಲಿದ್ದೇನೆ ಎಂದು ಹೇಳಿದಾಗ ಅವ್ವ ತಲೆಯೆತ್ತಲಿಲ್ಲ. ಹೊರಡುವ ಹೊತ್ತಿಗೆ ಕೇಳಿದಳು, "ಎಲ್ಲಾ ಮುಗೀತಲ್ಲ, ಇನ್ನ ಅಲ್ಲೇನೈತಿ ನಿಂದು?"

"ಅಕಿ ಬರೆದದ್ದು ಅಲ್ಲಿ ಯುನಿವರ್ಸಿಟಿ ಲೈಬ್ರರಿಯೊಳಗ ಐತಿ ಅವ್ವ. ಹೊರಗ ಕೊಡೂದಿಲ್ಲ. ಒಬ್ಬಾಕಿನ್ನ ಹ್ಯಾಂಗ ಬಿಟ್ಟು ಬರ್ಲಿ?"

ಅವ್ವ ಮಡಿಲಿನ ಪ್ರತಿಯನ್ನು ಮುಚ್ಚಿದಳು. "ಇಲ್ಲೂ ಒಂದು ಐತಲ್ಲ," ಅಂದಳು.

ಬಸ್ಸಿಗೆ ಇನ್ನೂ ಒಂದು ತಾಸಿತ್ತು. ಹೆಗಲ ಮೇಲಿನ ಚೀಲ ಕೆಳಗಿಳಿಸಿದೆ.