ತುಂಡಾಗದ ತಂತಿ

ಅವರ ಬಲಗೈ ಎಡಗೈಗಿಂತ ದಪ್ಪ. ಸ್ವಲ್ಪವಲ್ಲ, ನೋಡಿದ ಕೂಡಲೇ ಗೊತ್ತಾಗುವಷ್ಟು. ಎಡಗೈ ಹೆಂಗಸಿನದು, ಬಲಗೈ ಹಮಾಲನದು. ನನ್ನ ಗಂಡ ಜೀವಮಾನವೆಲ್ಲ ಮೂಟೆ ಹೊತ್ತವನು, ಅವನ ಕೈಯೂ ಹಾಗಿರಲಿಲ್ಲ. ಬಳೆಗಾರ ಮನೆಗೆ ಬಂದರೆ ಅವರೊಬ್ಬರಿಗೆ ಎರಡು ಅಳತೆಯ ಬಳೆ ಬಿಚ್ಚಬೇಕಿತ್ತು. ಎಡಕ್ಕೆ ಎರಡು-ನಾಲ್ಕು, ಬಲಕ್ಕೆ ಎರಡು-ಎಂಟು. ಬಲ ಮೊಣಕೈಯ ಕೆಳಗೆ ಸದಾ ಒಂದು ಕರಿಯ ಪಟ್ಟಿ. ಸ್ನಾನಕ್ಕೆ ಹೋಗುವಾಗ ಬಿಚ್ಚಿದರೆ ಅಲ್ಲಿ ಬೆಳ್ಳಗಿನ ಗುರುತು ಕಾಣುತ್ತಿತ್ತು, ಉಂಗುರ ತೆಗೆದ ಬೆರಳಿನ ಹಾಗೆ.

ಅವರು ಟೆನಿಸ್ ಕಲಿಸುವವರು. ಮುಂಬಯಿ ಹತ್ತಿರದ ಡೊಂಬಿವಲಿ ಎಂಐಡಿಸಿಯಲ್ಲಿ ಬಂಗಲೆಗಳಿರುವ ಕಡೆ ಒಂದು ಕ್ಲಬ್ಬು ಇದೆ. ಅದರ ಹಿಂದಿನ ಕೆಂಪು ಮಣ್ಣಿನ ಕೋರ್ಟುಗಳು ಅವರದೇ ಅನ್ನುವ ಹಾಗೆ ಇದ್ದವು. ಎಲ್ಲರಿಗೂ ಮೇಡಂ, ನನಗೂ ಮೇಡಂ. ಉಡುಪಿ ಕಡೆಯವರು, ಯಜಮಾನರದು ಕಲ್ಯಾಣದಲ್ಲಿ ಹೋಟೆಲು. ನಾನು ವಿಜಾಪುರ ಕಡೆಯವಳು. ಅವರ ಮನೆಯಲ್ಲಿ ಬಟ್ಟೆ ಒಗೆದು, ನೆಲ ಒರೆಸಿ ನನ್ನ ತಲೆ ಬೆಳ್ಳಗಾಯಿತು. ಮೂರನೆಯ ಇಯತ್ತೆಗೆ ಶಾಲೆ ಬಿಟ್ಟವಳಿಗೆ ಬರೆಯುವುದು ಬಟ್ಟೆ ಹಿಂಡಿದಷ್ಟು ಸಲೀಸಲ್ಲ. ಆದರೂ ಬರೆಯುತ್ತಿದ್ದೇನೆ. ಅವರು ಹೋದ ಮೇಲೆ ಕ್ಲಬ್ಬಿನವರು ಫೋಟೋ ಇಟ್ಟು, ಹಾರ ಹಾಕಿ ಮಾತಾಡಿದರು. ಎಲ್ಲರೂ ಒಳ್ಳೆಯದನ್ನೇ ಹೇಳಿದರು. ಅದು ಸುಳ್ಳಲ್ಲ. ಆದರೆ ಅಷ್ಟೇ ಅಲ್ಲ.

ಮೊದಲು ಒಳ್ಳೆಯದನ್ನು ಹೇಳುತ್ತೇನೆ. ಅವರ ಮನೆ ಇದ್ದ ಸೊಸೈಟಿಯಲ್ಲಿ ಎಲ್ಲರೂ ನನ್ನನ್ನು ಬಾಯಿ ಅನ್ನುತ್ತಿದ್ದರು, ಕೆಲಸದವಳಿಗೆ ಇಲ್ಲಿ ಹಾಗೇ ಅನ್ನುವುದು. ಅವರೊಬ್ಬರು ಮಾತ್ರ ದೊಡ್ಡಮ್ಮ ಅಂದರು. ಬೆಳಗಿನ ಕೋಚಿಂಗ್ ಮುಗಿಸಿ ಬಂದು ಒಂದು ಲೋಟ ಗಂಜಿತಿಳಿಗೆ ಉಪ್ಪು ಹಾಕಿ ಕುಡಿಯುತ್ತಿದ್ದರು, ನನಗೂ ಒಂದು ಲೋಟ ಮುಂದಿಡುತ್ತಿದ್ದರು. ಅದೇ ಲೋಟ, ಅದೇ ಮೇಜು. ನನ್ನ ಗಂಡ ಆಸ್ಪತ್ರೆಯಲ್ಲಿ ಬಿದ್ದಾಗ ನನ್ನ ಮಗನಿಗೆ ರಜೆ ಸಿಗಲಿಲ್ಲ, ಅವರು ಬಂದು ಬೆಂಚಿನ ಮೇಲೆ ಕೂತರು. "ನೀವು ಸ್ವಲ್ಪ ಮಲಗಿ ದೊಡ್ಡಮ್ಮ, ನಾನು ಇದ್ದೇನಲ್ಲ" ಅಂದರು. ಹಾಗೆ ಅಂದವರು ನನ್ನ ಜೀವನದಲ್ಲಿ ಬಹಳ ಇಲ್ಲ.

ಅವರ ಬಾಲ್ಕನಿಯಲ್ಲಿ ಒಂದು ಯಂತ್ರ ಇತ್ತು. ರ್‍ಯಾಕೆಟ್ಟನ್ನು ಅದಕ್ಕೆ ಸಿಕ್ಕಿಸಿ, ಹಳೆಯ ತಂತಿ ಕತ್ತರಿಸಿ, ಹೊಸದನ್ನು ಎಳೆದು ಬಿಗಿಯುತ್ತಿದ್ದರು. ಗಟ್ಟಿಂಗ್ ಅನ್ನುತ್ತಾರೆ ಅದಕ್ಕೆ. ಕಟ್ಟಿ ಮುಗಿದ ಮೇಲೆ ಅಂಗೈಯಿಂದ ತಂತಿಗೆ ಒಂದು ಏಟು ಹಾಕಿ, ಕಿವಿಯ ಹತ್ತಿರ ಹಿಡಿದು ಕೇಳುತ್ತಿದ್ದರು, ಗಡಿಗೆ ಕೊಳ್ಳುವವರು ಬಡಿದು ಕೇಳುವ ಹಾಗೆ. ಅವರ ಮುಖ ಆಗ ಚಂದ ಇರುತ್ತಿತ್ತು. ಕತ್ತರಿಸಿದ ಚೂರುಗಳನ್ನು ಗುಡಿಸುವವಳು ನಾನು.

ನನ್ನ ಮೊಮ್ಮಗಳು ರೇಣು. ತೀರಿಹೋದ ಮಗಳ ಮಗಳು, ಹಾಗಾಗಿ ನನ್ನ ಹತ್ತಿರವೇ ಬೆಳೆದಳು. ಮೇಡಂಗೆ ಜೋಳದ ರೊಟ್ಟಿ ಇಷ್ಟ. ಒಂದು ಭಾನುವಾರ ರೇಣುವನ್ನು ಕರೆದುಕೊಂಡು ಹೋಗಿ ಅವರ ಅಡುಗೆಮನೆಯಲ್ಲಿ ರೊಟ್ಟಿ ಬಡಿಯಲು ಕೂರಿಸಿದೆ. ಮೇಡಂ ಬಾಗಿಲಲ್ಲಿ ನಿಂತು ರೊಟ್ಟಿ ನೋಡಲಿಲ್ಲ, ಹುಡುಗಿಯ ಕೈ ನೋಡಿದರು.

"ದೊಡ್ಡಮ್ಮ, ಇವಳ ಮಣಿಕಟ್ಟು ನೋಡಿದಿರಾ? ಎಂಥಾ ಕೈ ಮಾರಾಯ್ರೆ ಇದು! ನಾಳೆಯಿಂದ ಕೋರ್ಟಿಗೆ ಕಳಿಸಿ."

"ಕೋರ್ಟ್ ಕಚೇರಿ ನಮಗ್ಯಾಕ್ರೀ ಮೇಡಂ?" ಅಂದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ರೇಣುವೂ ನಕ್ಕಳು.

ಹಾಗೆ ಶುರುವಾಯಿತು. ಫೀಸು ಕೇಳಲಿಲ್ಲ. ಅವರದೇ ಹಳೆಯ ರ್‍ಯಾಕೆಟ್ಟಿಗೆ ಹೊಸ ತಂತಿ ಹಾಕಿ ಕೊಟ್ಟರು. ಕೊಡುವಾಗ ಹೇಳಿದ ಮಾತು ನನಗೆ ಬಾಯಿಪಾಠ ಇದೆ: "ನಿಮ್ಮ ಮೊಮ್ಮಗಳಿಗೆ ಎಲ್ಲಕ್ಕಿಂತ ಗಟ್ಟಿಯದ್ದು ಹಾಕಿದ್ದೇನೆ ದೊಡ್ಡಮ್ಮ. ಇದು ತುಂಡೇ ಆಗುವುದಿಲ್ಲ."

ನಮಗೆ ಹೆಮ್ಮೆಯಾಯಿತು. ನಮ್ಮ ಚಾಳಿನಲ್ಲಿ ಚಪ್ಪಲಿ ಕೊಂಡರೂ, ಹಂಡೆ ಕೊಂಡರೂ, ಸೀರೆ ಕೊಂಡರೂ ಎಳೆದು, ಬಡಿದು ನೋಡುತ್ತೇವೆ. ಗಟ್ಟಿ ಇದ್ದರೆ ಒಳ್ಳೆಯದು, ಬಾಳಿಕೆ ಬಂದರೆ ಒಳ್ಳೆಯದು. ಬೇರೆ ಲೆಕ್ಕ ನಮಗೆ ಗೊತ್ತಿಲ್ಲ. ಆ ಕರಿ ತಂತಿಯ ಒಂದು ತುಂಡು ಉಳಿದಿತ್ತು, ಅದನ್ನು ಕೇಳಿ ತಂದು ಬಾಗಿಲ ಮುಂದೆ ಬಟ್ಟೆ ಒಣಹಾಕಲು ಕಟ್ಟಿದೆ. ಇವತ್ತಿಗೂ ಇದೆ. ಒದ್ದೆ ಗೋದಡಿ ಹಾಕಿದರೂ ಜಗ್ಗುವುದಿಲ್ಲ.

ಹುಡುಗಿ ಚೆನ್ನಾಗಿ ಆಡಿದಳು. ನನಗೆ ಆಟ ತಿಳಿಯುವುದಿಲ್ಲ, ಆದರೆ ಚೆಂಡು ಬಡಿದ ಸಪ್ಪಳ ತಿಳಿಯುತ್ತದೆ. ಬಂಗಲೆಯ ಮಕ್ಕಳು ಹೊಡೆದರೆ ಟಪ್ ಅನ್ನುತ್ತಿತ್ತು. ಇವಳು ಹೊಡೆದರೆ ಆಚೆ ನಿಂತವರು ತಿರುಗಿ ನೋಡುತ್ತಿದ್ದರು. ಹತ್ತನೆಯ ಇಯತ್ತೆಯ ಪರೀಕ್ಷೆ ಮುಗಿಯಿತು. ಮೇಡಂ ಹೇಳಿದರು, ನವಿ ಮುಂಬಯಿಯಲ್ಲಿ ಆಯ್ಕೆ ಆಟ ಉಂಟು, ಅಲ್ಲಿ ಗೆದ್ದರೆ ಒಂದು ಕಾಲೇಜಿನವರು ಓದು, ಹಾಸ್ಟೆಲು, ಊಟ ಎಲ್ಲ ನೋಡಿಕೊಳ್ಳುತ್ತಾರೆ, ಇವಳ ವಯಸ್ಸಿಗೆ ಇದೇ ಕೊನೆಯ ಅವಕಾಶ ಎಂದು. ಮನೆಯಲ್ಲಿ ನನ್ನ ಮಗ ಆಗಲೇ ಅಂಬರನಾಥದ ಒಂದು ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಮಾತಾಡಿ ಇಟ್ಟಿದ್ದ. "ಆರಿಸಿ ಬಂದರ ಓದ್ಲಿ. ಇಲ್ಲಾಂದ್ರ ಕೆಲಸಕ್ಕ ಹೋಗ್ಲಿ, ನಾ ಎಷ್ಟಂತ ಎಳೀಲಿ?" ಅಂದ. ಅವನದೂ ತಪ್ಪಲ್ಲ.

ಆಗಲೇ ಅವಳ ಮೊಣಕೈ ಹಿಡಿಯಿತು.

ಮೊದಲು ಹೇಳಲಿಲ್ಲ. ಒಂದು ಬೆಳಗ್ಗೆ ಚಹಾದ ಲೋಟ ಎತ್ತಲು ಹೋಗಿ ಕೆಳಗಿಟ್ಟಳು. "ಆಯಿ, ಗ್ಲಾಸ್ ನಹೀ ಉಠ್ ರಹಾ" ಅಂದಳು, ಲೋಟ ಎತ್ತಲು ಆಗುತ್ತಿಲ್ಲ ಅಂತ. ಕನ್ನಡ ತಿಳಿಯುತ್ತದೆ ಅವಳಿಗೆ, ನೋವಾದಾಗ ಬರುವುದು ಹಿಂದಿ. ಮೇಡಂಗೆ ಹೇಳಿದೆ. ಅವರು ಮೊಣಕೈಯ ಹೊರಗಿನ ಎಲುಬನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು. ಹುಡುಗಿ ಚೀರಿದಳು.

"ಮನೆಯಲ್ಲಿ ಈಗಲೂ ರೊಟ್ಟಿ ಬಡಿಯುತ್ತಾಳಾ?" ಅಂತ ನನ್ನನ್ನು ಕೇಳಿದರು.

"ದಿನಾ ಬಡೀತಾಳ್ರೀ. ಆರು ಮಂದಿ ಅದೀವಿ."

"ಅದೇ ಮತ್ತೆ. ರೊಟ್ಟಿ ಬಿಡಿಸಿ ದೊಡ್ಡಮ್ಮ. ನೀರು ಹೊರುವುದು, ಬಟ್ಟೆ ಹಿಂಡುವುದು ಎಲ್ಲ ಬಿಡಿಸಿ. ಕೈ ತನ್ನಷ್ಟಕ್ಕೆ ಸರಿ ಆಗ್ತದೆ." ರೇಣುವಿನ ಕಡೆ ತಿರುಗಿ, "ನೋವು ಬಂತೆಂದರೆ ಆಟ ಹತ್ತಿತು ಅಂತ, ಹೆದರಬೇಡ ಆಯ್ತಾ" ಅಂದರು. ಇದು ಅವರ ಮಾಮೂಲಿ ಮಾತು. ಎಲ್ಲ ಮಕ್ಕಳಿಗೂ ಹೇಳುತ್ತಿದ್ದರು.

ಬಿಡಿಸಿದೆ. ಆರು ಜನರ ರೊಟ್ಟಿ ನಾನು ಬಡಿದೆ. ನಳದಿಂದ ಕೊಡ ನಾನು ಹೊತ್ತೆ. ಹೊರಗೆ ಅವರ ಬಟ್ಟೆ, ಮನೆಯಲ್ಲಿ ನಮ್ಮ ಬಟ್ಟೆ. ಸೊಸೆ ಮುಖ ಉಬ್ಬಿಸಿದಳು. "ನಿಮ್ಮ ಮೊಮ್ಮಗಳೇನು ರಾಣೀನಾ?" ಅಂದಳು. "ಹೌದು" ಅಂದೆ. ಹುಡುಗಿ ಕೋರ್ಟಿಗೆ ಹೋಗುತ್ತಲೇ ಇದ್ದಳು, ಅದೇ ರ್‍ಯಾಕೆಟ್ಟು, ಅದೇ ತುಂಡಾಗದ ತಂತಿ. ಅವಳ ಕೈ ಸರಿಯಾಗಲಿಲ್ಲ. ನನ್ನ ಕೈಯೂ ಹೋಯಿತು.

ಕೊನೆಗೆ ಇಬ್ಬರೂ ಕಲ್ಯಾಣದ ಸರ್ಕಾರಿ ದವಾಖಾನೆಗೆ ಹೋದೆವು. ಅಲ್ಲಿ ಒಬ್ಬ ಎಳೆಯ ಡಾಕ್ಟರು. ಮೊದಲು ನನ್ನ ಕೈ ತಿರುಗಿಸಿ ನೋಡಿ ಮರಾಠಿಯಲ್ಲಿ ಹೇಳಿದ, ಮಾವಶಿ, ನಿಮಗೆ ಟೆನಿಸ್ ಎಲ್ಬೋ ಆಗಿದೆ ಅಂತ.

ರೇಣು ಗೋಡೆಗೆ ಒರಗಿ ನಕ್ಕು ನಕ್ಕು ಸುಸ್ತಾದಳು. "ಆಯಿ, ತೂ ಕಧೀ ಖೇಳಲೀಸ?" ಅಂದಳು, ನೀನು ಯಾವಾಗ ಆಡಿದೆ ಅಂತ. ಒದ್ದೆ ಬಟ್ಟೆ ಹಿಂಡಿದವರಿಗೂ ಇದೇ ಬರುತ್ತದೆ ಅಂದ ಡಾಕ್ಟರು. ಆಮೇಲೆ ಅವಳ ಕೈ ನೋಡಿದ. ಅದೇ ರೋಗ. ಆದರೆ ಅವಳಿಗೆ ರೊಟ್ಟಿ, ನೀರು ಎಲ್ಲ ಬಿಡಿಸಿ ತಿಂಗಳುಗಳಾಗಿವೆ ಅಂದೆ. ಅವನು ಹುಬ್ಬು ಗಂಟು ಹಾಕಿ, "ರ್‍ಯಾಕೆಟ್ಟಿಗೆ ಯಾವ ತಂತಿ ಹಾಕಿದ್ದಾರೆ?" ಅಂತ ಕೇಳಿದ. ಗಟ್ಟಿಯದ್ದು ಅಂದೆ, ಹೆಮ್ಮೆಯಿಂದಲೇ ಅಂದೆ. "ಮೊದಲು ಅದನ್ನು ಯಾರಾದರೂ ಗೊತ್ತಿದ್ದವರಿಗೆ ತೋರಿಸಿ" ಅಂದ.

ಉಲ್ಹಾಸನಗರದಲ್ಲಿ ಆಟದ ಸಾಮಾನಿನ ಅಂಗಡಿಗೆ ಹೋದೆವು. ಅಂಗಡಿಯ ಸಿಂಧಿ ಸೇಠ್ ತಂತಿಯನ್ನು ಹೆಬ್ಬೆರಳಿನಿಂದ ಒತ್ತಿದ. ಒತ್ತಿದ ಕಡೆ ತಂತಿ ಬಗ್ಗಲಿಲ್ಲ.

"ಯಾರು ಹಾಕಿಕೊಟ್ಟರು ಈ ಹುಡುಗಿಗೆ ಇದನ್ನ?" ಅಂತ ಹಿಂದಿಯಲ್ಲಿ ಕೇಳಿದ. ಆಮೇಲೆ ಬಿಡಿಸಿ ಹೇಳಿದ. ಇದು ಪ್ಲಾಸ್ಟಿಕ್ಕಿನ ಒಂದೇ ಎಳೆಯ ತಂತಿ, ದೊಡ್ಡ ಆಟಗಾರರದು. ಅವರೂ ಇದನ್ನು ತುಂಡಾಗುವ ತನಕ ಇಡುವುದಿಲ್ಲ, ಕೆಲವೇ ದಿನಕ್ಕೆ ಕತ್ತರಿಸಿ ಎಸೆಯುತ್ತಾರೆ. ದಿನ ಹೋದಂತೆ ತಂತಿಯ ಜೀವ ಹೋಗುತ್ತದೆ, ಆದರೆ ತುಂಡಾಗುವುದಿಲ್ಲ. ಆಮೇಲೆ ಚೆಂಡಿನ ಏಟೆಲ್ಲ ನೇರ ಮೊಣಕೈಗೆ. ಅದರ ಮೇಲೆ ಇಷ್ಟು ಬಿಗಿ ಬೇರೆ. ಕೈ ನೋಯುವವರಿಗೆ ಬೇರೆಯದು ಇದೆ ಎಂದು ಒಂದು ಸುರುಳಿ ಬಿಚ್ಚಿ ನನ್ನ ಕೈಗೆ ಕೊಟ್ಟ. ನೂಲಿನಂಥ ಸಣ್ಣ ಸಣ್ಣ ಎಳೆಗಳನ್ನು ಸೇರಿಸಿ ಮಾಡಿದ್ದು, ಮೆತ್ತಗಿನದು. ಅದನ್ನೂ ಸ್ವಲ್ಪ ಸಡಿಲಾಗಿ ಕಟ್ಟಬೇಕು. ಬೇಗ ಎಳೆ ಬಿಟ್ಟು ತುಂಡಾಗುತ್ತದೆ, ಆದರೆ ಕೈ ಉಳಿಯುತ್ತದೆ.

ಆ ಸುರುಳಿಯ ತುದಿ ನನ್ನ ಬೆರಳಲ್ಲಿ ಹತ್ತಿಯ ಹಾಗೆ ಬಿಚ್ಚಿಕೊಂಡಿತು. ನನಗೆ ಗುರುತು ಸಿಕ್ಕಿತು. ಇದೇ ಚೂರುಗಳನ್ನು ನಾನು ಆ ಬಾಲ್ಕನಿಯಲ್ಲಿ ವರ್ಷಗಟ್ಟಲೆ ಗುಡಿಸಿದ್ದೆ. ಪೊರಕೆಗೆ ಸಿಕ್ಕಿ ಎಳೆ ಎಳೆಯಾಗುತ್ತಿದ್ದವು, ಬೈದುಕೊಂಡು ಬಿಡಿಸುತ್ತಿದ್ದೆ. ಮೇಡಂರ ಸ್ವಂತ ರ್‍ಯಾಕೆಟ್ಟಿನವು. ಬಂಗಲೆಯ ಮಕ್ಕಳ ರ್‍ಯಾಕೆಟ್ಟಿನವು. ಕರಿಯ ಗಟ್ಟಿ ತಂತಿಯ ಚೂರು ಆ ಮನೆಯಲ್ಲಿ ಬಿದ್ದದ್ದು ಒಂದೇ ಸಲ, ರೇಣುವಿನ ರ್‍ಯಾಕೆಟ್ಟು ಕಟ್ಟಿದ ದಿನ.

ಮರುದಿನ ಕೆಲಸಕ್ಕೆ ಹೋದೆ. ಬಟ್ಟೆ ನೆನೆಹಾಕಲಿಲ್ಲ. ಅವರು ಬಾಲ್ಕನಿಯಲ್ಲಿ ಯಾರದೋ ರ್‍ಯಾಕೆಟ್ಟು ಕಟ್ಟುತ್ತಿದ್ದರು. ಬಿಳಿಯ, ಮೆತ್ತಗಿನ ತಂತಿ.

"ಮೇಡಂ, ನಿಮ್ಮ ರ್‍ಯಾಕೆಟ್ಟಿಗೆ ಯಾವ ತಂತಿ ಐತ್ರೀ?" ಅಂದೆ.

ಅವರು ತಲೆ ಎತ್ತಿದರು. ನನ್ನ ಮುಖ ನೋಡಿ ಎಳೆಯುವುದು ನಿಲ್ಲಿಸಿದರು.

"ಯಾರು ಹೇಳಿದರು ದೊಡ್ಡಮ್ಮ?"

"ಯಾರ ಹೇಳಿದ್ರೇನ್ರೀ. ನೀವು ಹೇಳಲಿಲ್ಲಲಾ."

"ಹಾಗಲ್ಲ, ಕೇಳಿ. ಅವಳ ಹೊಡೆತಕ್ಕೆ ಮೆತ್ತಗಿನದ್ದು ಎರಡು ವಾರ ನಿಲ್ಲುವುದಿಲ್ಲ. ಮೇಲಿಂದ ಮೇಲೆ ನಾನೇ ಕಟ್ಟಿಕೊಡಬೇಕು. ಇಷ್ಟು ಮಕ್ಕಳು ಇದ್ದಾರೆ ನನಗೆ. ಒಮ್ಮೆ ಹಾಕಿದರೆ ಆಯ್ತಲ್ಲ ಅಂತ..."

"ನಿಮಗೂ ಕೈ ನೋವು ಬಂದಿತ್ತಲ್ರೀ." ಅವರ ಕರಿ ಪಟ್ಟಿಯ ಕಡೆ ನೋಡಿದೆ.

"ಬಂದಿತ್ತು. ಆಮೇಲೆ ನಾನು ತಂತಿ ಬದಲಾಯಿಸಿದ್ದು."

"ಅಂದ್ರ ಗೊತ್ತಿತ್ತು."

ಅವರು ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. "ಗೊತ್ತಿತ್ತು" ಅಂದರು.

"ಗೊತ್ತಿದ್ದು ನಮ್ಮ ರೊಟ್ಟಿ ಮ್ಯಾಲೆ ಹಾಕಿದ್ರಿ?"

ಯಂತ್ರದಲ್ಲಿ ಅರ್ಧ ಕಟ್ಟಿದ ರ್‍ಯಾಕೆಟ್ಟು ಹಾಗೇ ಇತ್ತು. ನಾನು ಚಪ್ಪಲಿ ಮೆಟ್ಟಿಕೊಂಡು ಇಳಿದುಬಂದೆ. ಮತ್ತೆ ಆ ಮನೆಯ ಕೆಲಸಕ್ಕೆ ಹೋಗಲಿಲ್ಲ.

ಫೀಸು ಕೊಡುವವರ ಮಕ್ಕಳಿಗೆ ಮೆತ್ತಗಿನದು, ಪುಕ್ಕಟೆ ಆಡುವವಳಿಗೆ ಗಟ್ಟಿಯದ್ದು ಅಂತ ಮೊದಲೇ ಹೇಳಿದ್ದರೆ ನಾನು ಒಪ್ಪುತ್ತಿದ್ದೆ. ಪುಕ್ಕಟೆ ಕೊಟ್ಟದ್ದು ಹಾಗೇ ಇರುತ್ತದೆ, ನನಗೆ ಗೊತ್ತಿಲ್ಲದ್ದೇನಲ್ಲ. ಅವರ ಹಳಸಿದ ಅನ್ನವನ್ನೂ ತಂದು ತಿಂದವಳು ನಾನು. ಆದರೆ ಹಳಸಿದೆ ಅಂತ ಹೇಳಿ ಕೊಡುತ್ತಿದ್ದರು. ಇದನ್ನು ಎಲ್ಲಕ್ಕಿಂತ ಒಳ್ಳೆಯದು ಅಂತ ಕೊಟ್ಟರು. ಯಾವ ರೊಟ್ಟಿ ನೋಡಿ ಹುಡುಗಿಯನ್ನು ಆರಿಸಿದರೋ ಅದೇ ರೊಟ್ಟಿಯ ಮೇಲೆ ತಪ್ಪು ಹೊರಿಸಿದರು. ನಾನು ನಂಬಿ ನನ್ನ ಕೈಯನ್ನೂ ಕೆಡಿಸಿಕೊಂಡೆ.

ಒಂದು ವಾರಕ್ಕೆ ರೇಣುವಿನ ಕೈಯಲ್ಲಿ ಬೇರೆ ರ್‍ಯಾಕೆಟ್ಟು ಬಂತು. ಮೇಡಂರ ಸ್ವಂತದ್ದು, ಹೊಸ ಮೆತ್ತಗಿನ ತಂತಿ ಹಾಕಿದ್ದು. ವಾಪಸು ಕೊಟ್ಟು ಬಾ ಅಂದೆ. "ತುಝಾ ಝಗಡಾ ತೂ ಕರ್, ಆಯಿ" ಅಂದಳು, ನಿನ್ನ ಜಗಳ ನೀನು ಮಾಡಿಕೋ ಅಂತ. ಇಟ್ಟುಕೊಂಡಳು. ಆದರೆ ಡಾಕ್ಟರು ಆಡಬಾರದು ಅಂದಿದ್ದ. ಆಯ್ಕೆಯ ದಿನ ಅವಳು ನವಿ ಮುಂಬಯಿಗೆ ಹೋಗಲಿಲ್ಲ, ಚಾಳಿನ ಕಟ್ಟೆಯ ಮೇಲೆ ಕೂತಿದ್ದಳು. ಮಧ್ಯಾಹ್ನ ಎದ್ದು ಹೋಗಿ ಹಿಟ್ಟು ನಾದಿ, ಎಡಗೈಯಲ್ಲಿ ರೊಟ್ಟಿ ಬಡಿದಳು. ನಾನು ಬೇಡ ಅನ್ನಲಿಲ್ಲ.

ಈಗ ಅವಳು ಅಂಬರನಾಥಕ್ಕೆ ಪ್ಯಾಕಿಂಗ್ ಕೆಲಸಕ್ಕೆ ಹೋಗುತ್ತಾಳೆ. ಕೈ ವಾಸಿಯಾಗಿದೆ. ಮೇಡಂ ಇರುವ ತನಕ ಭಾನುವಾರ ಕೋರ್ಟಿಗೆ ಹೋಗಿ ಅವರ ಜೊತೆ ಚಿಕ್ಕವರಿಗೆ ಕಲಿಸುತ್ತಿದ್ದಳು. ನಾನು ಆ ಕಡೆ ಹಾಯಲಿಲ್ಲ. ಒಂದು ಸಲ ಸ್ಟೇಷನ್ ಹೊರಗೆ ತರಕಾರಿ ಸಾಲಿನಲ್ಲಿ ಎದುರಾದರು. "ದೊಡ್ಡಮ್ಮ, ಕೈ ಹೇಗುಂಟು?" ಅಂದರು. "ಐತ್ರೀ" ಅಂದು ಮುಂದೆ ಹೋದೆ.

ಹೋದ ಮಳೆಗಾಲದಲ್ಲಿ ಎದೆನೋವು ಬಂದು ತೀರಿಕೊಂಡರು. ರೇಣು ಅಳುತ್ತ ಬಂದು ಹೇಳಿದಳು. ನಾನು ಅಳಲಿಲ್ಲ. ಆದರೆ ಹೋದೆ. ಅವರು ಬಂದು ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದರು, ಅದಕ್ಕೆ ಹೋದೆ.

ನಡುಮನೆಯಲ್ಲಿ ಮಲಗಿಸಿದ್ದರು. ಮುತ್ತೈದೆ ಸಾವು, ಅವರ ಕಡೆಯ ಹೆಂಗಸರು ಹೊಸ ಸೀರೆ ಉಡಿಸಿ, ಹೂ ಮುಡಿಸಿ, ಹಸಿರು ಬಳೆ ತೊಡಿಸುತ್ತಿದ್ದರು. ಎಡಗೈಗೆ ಸಲೀಸಾಗಿ ಏರಿದವು. ಬಲಗೈಗೆ ಏರಲಿಲ್ಲ. ಒಬ್ಬಾಕೆ ಸೋಪು ಹಚ್ಚಿ ಒತ್ತುತ್ತಿದ್ದಳು. ಒಂದು ಬಳೆ ಟಪ್ಪೆಂದು ಒಡೆಯಿತು. ಇನ್ನೊಂದು ತೆಗೆದುಕೊಂಡು ಮತ್ತೆ ಒತ್ತಿದಳು.

"ಒತ್ತಬ್ಯಾಡ್ರೀ" ಅಂದೆ. ಎಲ್ಲರೂ ತಿರುಗಿ ನೋಡಿದರು. "ಆ ಕೈಗೆ ಎರಡು-ಎಂಟು ಬೇಕು. ಯಾರನ್ನಾರ ಕಳಸ್ರಿ."

ತರಿಸಿದರು. ತೊಡಿಸುವಾಗ ಕೈ ನಾನು ಹಿಡಿದುಕೊಂಡೆ. ಪಟ್ಟಿ ತೆಗೆದಿದ್ದರು, ಬಿಳಿಯ ಗುರುತು ಹಾಗೇ ಇತ್ತು. ಬಳೆ ಸುಮ್ಮನೆ ಏರಿತು.

ಅವರ ಕೈ ನನಗೆ ಅಷ್ಟು ಗೊತ್ತಿತ್ತು. ನನ್ನ ಮೊಮ್ಮಗಳ ಕೈ ಅವರಿಗೂ ಅಷ್ಟೇ ಚೆನ್ನಾಗಿ ಗೊತ್ತಿತ್ತು.