ಹದಿನೆಂಟರ ಮಗ್ಗಿ

ಕಳೆದ ಭಾನುವಾರ ಫ್ರಿಜ್ ಒರೆಸುವ ಕೆಲಸ ನನ್ನ ಪಾಲಿಗೆ ಬಂತು. ನಮ್ಮ ಮನೆಯಲ್ಲಿ ಕೆಲಸಗಳು ನನ್ನ ಪಾಲಿಗೆ ತಾವಾಗಿ ಬರುವುದಿಲ್ಲ. ನನ್ನ ಹೆಂಡತಿ ಸುಧಾ ಕಳಿಸಿಕೊಡುತ್ತಾಳೆ. ಬಾಗಿಲಿನ ಒಳಗಡೆ, ಬೇರೆಯವರು ಬೆಣ್ಣೆ ಇಡುವ ಮುಚ್ಚಳದ ಗೂಡು ಇರುತ್ತದಲ್ಲ, ಅದನ್ನು ತೆರೆದರೆ ಮೂಲೆಯಲ್ಲಿ ಒಂದು ಖಾಲಿ ಇನ್ಸುಲಿನ್ ಸೀಸೆ ಅಡ್ಡ ಬಿದ್ದಿತ್ತು. ರಬ್ಬರ್ ಬಿರಡೆಯ ಸುತ್ತ ಒಂದು ಹನಿ ಜಿನುಗಿತ್ತು. ಮೂಗಿನ ಹತ್ತಿರ ಹಿಡಿದೆ. ನೀವು ಇನ್ಸುಲಿನ್ ಮೂಸಿದ್ದೀರೋ ಇಲ್ಲವೋ ಗೊತ್ತಿಲ್ಲ, ಮೂಸುವ ಪ್ರಸಂಗ ಬಾರದಿದ್ದರೆ ಒಳ್ಳೆಯದೇ. ಹೊಸ ಬ್ಯಾಂಡೇಜಿನ ಪೊಟ್ಟಣ ಬಿಚ್ಚಿದಾಗ ಬರುವಂಥ ವಾಸನೆ ಅದು. ಹತ್ತು ವರ್ಷ ಈ ಗೂಡಿನಲ್ಲಿ ಬೆಣ್ಣೆಗೆ ಜಾಗವಿರಲಿಲ್ಲ. ಎರಡು ತಿಂಗಳಿಂದ ಗೂಡು ಖಾಲಿ. ಮಗಳು ಇಂಚರ ಓದಲು ಮೆಲ್ಬರ್ನಿಗೆ ಹೋಗಿದ್ದಾಳೆ, ತನ್ನ ಇನ್ಸುಲಿನ್ನನ್ನೂ ತೆಗೆದುಕೊಂಡು.

ಹತ್ತು ವರ್ಷದ ಹಿಂದೆ ಇದೇ ಫ್ರಿಜ್ ಸಿಡ್ನಿಯ ವೆಸ್ಟ್‌ಮೀಡ್‌ ಸ್ಟೇಷನ್ನಿನ ಹಿಂದಿನ ನಮ್ಮ ಬಾಡಿಗೆ ಫ್ಲ್ಯಾಟಿನಲ್ಲಿತ್ತು. ಇಂಚರಳಿಗೆ, ನಮ್ಮ ಇಂಚುಗೆ, ಆಗ ಎಂಟು ವರ್ಷ. ಆ ಜನವರಿಯಲ್ಲಿ ಅವಳು ಬಾಟಲಿ ಮೇಲೆ ಬಾಟಲಿ ನೀರು ಕುಡಿದಳು, ನಾವು ಸಿಡ್ನಿಯ ಸೆಖೆ ಅಂದೆವು. ಮೈ ಇಳಿಯಿತು, ಉದ್ದವಾಗುತ್ತಿದ್ದಾಳೆ ಅಂದೆವು. ಮಕ್ಕಳ ವಿಷಯದಲ್ಲಿ ತಂದೆತಾಯಿಯ ಹತ್ತಿರ ಎಲ್ಲದಕ್ಕೂ ಒಂದು ಉತ್ತರ ತಯಾರಿರುತ್ತದೆ. ಕೊನೆಗೆ ಹತ್ತಿರದ ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ನರ್ಸ್ ಬೆರಳು ಚುಚ್ಚಿದಳು. ಮೀಟರಿನಲ್ಲಿ ಮೂವತ್ತೊಂದು ಎಂದು ಕಂಡಿತು. ಅವಳ ಮುಖ ಬಿಳಿಚಿತು. “ಈಗಲೇ ಆಸ್ಪತ್ರೆಗೆ ಹೊರಡಿ, ನಾನು ಫೋನ್ ಮಾಡಿರುತ್ತೇನೆ” ಎಂದು ಒಳಗೆ ಓಡಿದಳು.

ಈಗ ನನ್ನ ಬುದ್ಧಿವಂತಿಕೆ ಕೇಳಿ. ನಮ್ಮದು ಸಕ್ಕರೆ ಕಾಯಿಲೆಯ ವಂಶ. ಮೈಸೂರಿನಲ್ಲಿ ಅಕ್ಕನ ಮನೆಯಲ್ಲಿರುವ ನನ್ನ ಅಮ್ಮನ ಸಕ್ಕರೆ ನೂರೆಂಬತ್ತು, ಇನ್ನೂರು ಎಂದು ಓಡಾಡುತ್ತಿತ್ತು. ಒಮ್ಮೆ ಅರವತ್ತಕ್ಕೆ ಇಳಿದಾಗ ಅಮ್ಮ ಬೆವತು ಕುಸಿದಿದ್ದಳು, ನಾವೆಲ್ಲ ಸೇರಿ ಬಾಯಿಗೆ ಸಕ್ಕರೆ ಹಾಕಿದ್ದೆವು. ಅರವತ್ತಕ್ಕೇ ಹಾಗಾದರೆ ಮೂವತ್ತೊಂದಕ್ಕೆ? ಆಸ್ಪತ್ರೆಯ ದಾರಿಯಲ್ಲಿ ಕಾರು ನಿಲ್ಲಿಸಿ, ದೊಡ್ಡದೊಂದು ಮಾವಿನಹಣ್ಣಿನ ಜ್ಯೂಸ್ ಕೊಂಡು, “ಕುಡಿ ಪುಟ್ಟಿ, ಪೂರ್ತಿ ಕುಡಿ” ಎಂದು ಬಲವಂತವಾಗಿ ಕುಡಿಸಿದೆ. ಆಸ್ಟ್ರೇಲಿಯಾದಲ್ಲಿ ಸಕ್ಕರೆ ಅಳೆಯುವ ಮಾನವೇ ಬೇರೆ, ಇಲ್ಲಿಯ ಅಂಕಿಯನ್ನು ಹದಿನೆಂಟರಿಂದ ಗುಣಿಸಿದರೆ ಮೈಸೂರಿನ ಅಂಕಿ ಬರುತ್ತದೆ ಎಂದು ನನಗೆ ಆಸ್ಪತ್ರೆಯಲ್ಲಿ ಗೊತ್ತಾಯಿತು. ಮಗಳ ಸಕ್ಕರೆ ಐನೂರ ಐವತ್ತೆಂಟಿತ್ತು. ಅದರ ಮೇಲೆ ನನ್ನ ಜ್ಯೂಸ್.

ಡಾಕ್ಟರು ಒಳ್ಳೆಯವರು. ಇದು ಟೈಪ್ ಒನ್, ಮೈಯೇ ಇನ್ಸುಲಿನ್ ಮಾಡುವುದನ್ನು ನಿಲ್ಲಿಸಿದೆ, ತಿಂದದ್ದರಿಂದ ಬಂದದ್ದಲ್ಲ, ಒಂದು ಜ್ಯೂಸಿನಿಂದ ಏನೂ ಆಗಿಲ್ಲ ಎಂದು ಸಮಾಧಾನ ಹೇಳಿದರು. ನಾನು ತಲೆಯಾಡಿಸಿದೆ. ಆದರೆ ಮನಸ್ಸಿಗೆ ಸಮಾಧಾನವಾಗಲಿಲ್ಲ. ಜ್ಯೂಸಿನ ಸಂಗತಿಯನ್ನು ಆ ಡಾಕ್ಟರು ಮತ್ತು ಸುಧಾಳನ್ನು ಬಿಟ್ಟು ಬೇರೆ ಯಾರಿಗೂ ಹೇಳಲಿಲ್ಲ.

ನಾಲ್ಕು ದಿನದ ಮೇಲೆ ಆಸ್ಪತ್ರೆಯಿಂದ ಇಂಚುವನ್ನು ಕರೆತರುತ್ತ, ಬಳಸಿದ ಸೂಜಿ ಹಾಕುವ ಹಳದಿ ಡಬ್ಬ ಹಿಡಿದುಕೊಂಡು ಮೆಟ್ಟಿಲು ಹತ್ತುತ್ತಿದ್ದಾಗ ಎದುರು ಫ್ಲ್ಯಾಟಿನ ಬಾಗಿಲು ತೆರೆಯಿತು. ಹಿಲ್ಡಾ ಆಂಟಿ. ಕಾರ್ಕಳದ ಕಡೆಯವರು, ಕೊಂಕಣಿ ಮಾತಾಡುವ ಕ್ರೈಸ್ತರು, ವೃದ್ಧಾಶ್ರಮವೊಂದರಲ್ಲಿ ಅಡುಗೆ ಕೆಲಸ. ಅಲ್ಲಿಯವರೆಗೆ ನಮ್ಮ ಪರಿಚಯ ಕರಿಬೇವಿನ ಕೊಡುಕೊಳ್ಳುವಿಕೆಯಷ್ಟೇ. ಅವರು ಡಬ್ಬ ನೋಡಿದರು, ಮಗುವನ್ನು ನೋಡಿದರು.

“ಓ, ನಮ್ಮ ಪಾರ್ಟಿಗೆ ಸೇರಿದ್ಲಾ ಪುಟ್ಟಿ?” ಎಂದರು. “ನನಗೆ ಹನ್ನೊಂದನೇ ವರ್ಷದಲ್ಲಿ ಬಂದದ್ದು. ಈಗ ಐವತ್ತೆಂಟು. ಸತ್ತಿದ್ದೇನಾ? ಒಳಗೆ ಬನ್ನಿ ಮಾರಾಯ್ರೆ, ಎಂತ ಹೊರಗೆ ನಿಂತದ್ದು!”

ಆ ನಾಲ್ಕು ದಿನಗಳಲ್ಲಿ ನಾನು ಮೊದಲ ಸಲ ಸರಿಯಾಗಿ ಉಸಿರಾಡಿದ್ದು ಅವರ ಸೋಫಾದ ಮೇಲೆ.

ಆಂಟಿ ಬೀರುವಿನಿಂದ ಒಂದು ಸ್ಟೀಲಿನ ಡಬ್ಬಿ ತಂದರು. ಅದರಲ್ಲಿ ಗಾಜಿನ ಸಿರಿಂಜು, ಗೋಣಿ ಹೊಲಿಯಬಹುದಾದ ಒಂದು ಸೂಜಿ. ಅವರ ಅಮ್ಮ ಬೆಳಿಗ್ಗೆ ಗಂಜಿಯ ಪಕ್ಕದ ಒಲೆಯಲ್ಲಿ ಇದನ್ನು ಕುದಿಸುತ್ತಿದ್ದರಂತೆ; ಸೂಜಿ ಮೊಂಡಾದರೆ ಕಲ್ಲಿಗೆ ಮಸೆಯುತ್ತಿದ್ದರಂತೆ. ಬೆರಳು ಚುಚ್ಚುವ ಮೀಟರು ಇರಲಿಲ್ಲ. ಗಾಜಿನ ನಳಿಗೆಯಲ್ಲಿ ನೀಲಿ ದ್ರಾವಣ, ಅದಕ್ಕೆ ಎಂಟು ಹನಿ ಮೂತ್ರ, ಕೆಳಗೆ ಸ್ಪಿರಿಟ್ ದೀಪ. ಸಕ್ಕರೆ ಇಲ್ಲದಿದ್ದರೆ ನೀಲಿ ಹಾಗೇ ಉಳಿಯುತ್ತದೆ. ಇದ್ದರೆ ಹಸಿರು, ಹಳದಿ, ಕಿತ್ತಳೆ. ತುಂಬ ಇದ್ದರೆ ಇಟ್ಟಿಗೆಯ ಬಣ್ಣ. “ನೀಲಿ ಬಂದ್ರೆ ನಮ್ಮಮ್ಮ ‘ಮರಿಯಮ್ಮನ ಸೆರಗು’ ಹೇಳ್ತಿದ್ರು, ಚರ್ಚಿನ ಮೇರಿ ಮಾತೆಯದ್ದು. ಇಟ್ಟಿಗೆ ಬಂದ್ರೆ ಎಂತದೂ ಹೇಳ್ತಿರ್ಲಿಲ್ಲ. ಅದೇ ಕಷ್ಟ.” ಇಂಚು ಸಿರಿಂಜನ್ನು ತಿರುಗಿಸಿ ನೋಡಿ, ತನ್ನ ಪೆನ್ನಿನಂಥ ಇನ್ಸುಲಿನ್ ನೋಡಿ, “ಮೈನ್ ಈಸ್ ಟೈನಿ!” ಎಂದು ಆಸ್ಪತ್ರೆ ಸೇರಿದ ಮೇಲೆ ಮೊದಲ ಸಲ ನಕ್ಕಳು.

ಅಮ್ಮನಿಗೆ ವಿಷಯ ತಿಳಿಸುವುದು ಇನ್ನೊಂದು ಪ್ರಹಸನ. ಮೊದಲ ವಾರ ಫೋನಿನಲ್ಲಿ, “ಈಗ ಪರವಾಗಿಲ್ಲಮ್ಮ, ಆರಕ್ಕೆ ಬಂದಿದೆ” ಎಂದೆ. “ಆರಾ? ಅಯ್ಯೋ ಶಿವನೇ, ಆರು ಅಂದ್ರೆ ಮಗು ಕಣ್ಣು ಬಿಟ್ಟಿದ್ಯೇನೋ?” ಎಂದು ಅತ್ತೇಬಿಟ್ಟಳು. ಅಂದರೆ ತಪ್ಪು ನನ್ನೊಬ್ಬನದಲ್ಲ, ವಂಶದ್ದು. ಅಂದಿನಿಂದ ನಾನು ಹದಿನೆಂಟರ ಮಗ್ಗಿ ಹಿಡಿದೆ. ಶಾಲೆಯಲ್ಲಿ ಏಟು ತಿಂದರೂ ಬಾರದಿದ್ದ ಮಗ್ಗಿ ಈಗ ನಾಲಿಗೆಯ ತುದಿಗೆ ಬಂತು. ಹದಿನೆಂಟೈದ್ಲ ತೊಂಬತ್ತು, ಹದಿನೆಂಟಾರ್ಲ ನೂರೆಂಟು. ಕಾರು ಓಡಿಸುತ್ತ, ತರಕಾರಿ ಹೆಚ್ಚುತ್ತ ಹೇಳಿಕೊಳ್ಳುತ್ತಿದ್ದೆ. ಇನ್ನೊಮ್ಮೆ ಯಾರಿಗೂ ತಪ್ಪು ಜ್ಯೂಸ್ ಕುಡಿಸಬಾರದು ನೋಡಿ. “ಅಪ್ಪಾ, ಸ್ಟಾಪ್ ಚಾಂಟಿಂಗ್” ಎಂದು ಇಂಚು ಹಿಂದಿನ ಸೀಟಿನಿಂದ ಕಿರುಚುತ್ತಿದ್ದಳು.

ಅವಳ ಜೊತೆಗೇ ಯಂತ್ರಗಳೂ ಬೆಳೆದವು. ಮೊದಲು ದಿನಕ್ಕೆ ಹತ್ತು ಸಲ ಬೆರಳು ಚುಚ್ಚುತ್ತಿದ್ದೆವು. ಪುಟ್ಟ ಬೆರಳ ತುದಿಗಳು ಜರಡಿಯಂತಾಗಿದ್ದವು. ಆಮೇಲೆ ತೋಳಿಗೆ ಗುಂಡಿಯಷ್ಟು ದೊಡ್ಡ ಸೆನ್ಸರ್ ಬಂತು, ಐದೈದು ನಿಮಿಷಕ್ಕೊಮ್ಮೆ ತಾನೇ ಅಂಕಿ ಹೇಳುತ್ತದೆ. ಪೆನ್ನು ಹೋಗಿ ಸೊಂಟಕ್ಕೆ ಪಂಪ್ ಬಂತು. ಈಚೆಗೆ ಸೆನ್ಸರೂ ಪಂಪೂ ಪರಸ್ಪರ ಮಾತಾಡಿಕೊಂಡು, ಸಕ್ಕರೆ ಏರಿದರೆ ಇನ್ಸುಲಿನ್ ಹೆಚ್ಚಿಸಿ, ಇಳಿದರೆ ನಿಲ್ಲಿಸಿ ಸಂಸಾರ ನಡೆಸುತ್ತಿವೆ. ಊಟದ ಲೆಕ್ಕವನ್ನು ಮಾತ್ರ ಇನ್ನೂ ನಾವೇ ಹೇಳಬೇಕು. ಬಿಸಿಬೇಳೆಬಾತನ್ನು ಅಂದಾಜು ಮಾಡುವ ಯಂತ್ರ ಇನ್ನೂ ಹುಟ್ಟಿಲ್ಲ.

ಈ ಯಂತ್ರಗಳ ಜೊತೆ ಬಂದ ಒಂದು ಸೌಲಭ್ಯ ನನ್ನನ್ನು ಕೆಡಿಸಿತು. ಮಗಳ ಅಂಕಿ ನನ್ನ ಫೋನಿಗೂ ಬರುತ್ತಿತ್ತು. ಚಾಟ್ಸ್‌ವುಡ್ಡಿನಲ್ಲಿ ನನ್ನ ಕೆಲಸ ಬಸ್ಸು ರೈಲುಗಳ ವೇಳಾಪಟ್ಟಿ ಮಾಡುವುದು. ಎಲ್ಲಿ ತಡವಾಯಿತು ಎಂದು ಹುಡುಕುವುದೇ ಹೊಟ್ಟೆಪಾಡು. ಅಂಥವನ ಕೈಗೆ ಐದು ನಿಮಿಷಕ್ಕೊಂದು ಅಂಕಿ ಕೊಟ್ಟರೆ ಏನಾದೀತು? ಮೀಟಿಂಗುಗಳಲ್ಲಿ ಮೇಜಿನ ಕೆಳಗೆ ನೋಡುತ್ತಿದ್ದೆ. ಸಹೋದ್ಯೋಗಿಗಳು ಕ್ರಿಕೆಟ್ ಎಂದುಕೊಂಡು “ಸ್ಕೋರ್ ಎಷ್ಟು?” ಎಂದರೆ “ಏಳು ಪಾಯಿಂಟ್ ಎರಡು” ಎನ್ನುತ್ತಿದ್ದೆ. ಇಂಚು ಹೈಸ್ಕೂಲಿನಲ್ಲಿ ಗೆಳತಿಯರ ಜೊತೆ ಕೂತಿದ್ದಾಗ ನನ್ನ ಫೋನ್ ಹೋಗುತ್ತಿತ್ತು: “ಏನು ತಿಂದೆ?” ನಾನು ಹಲೋ ಎನ್ನುವುದನ್ನು ಯಾವಾಗ ಬಿಟ್ಟೆನೋ ನೆನಪಿಲ್ಲ.

ಕಳೆದ ವರ್ಷ ಇಂಚು ಮೆಲ್ಬರ್ನಿನ ಯೂನಿವರ್ಸಿಟಿ ನೋಡಲು ಹೋದಳು. ಹಿಲ್ಡಾ ಆಂಟಿ ನಿವೃತ್ತರಾಗಿ ಅಲ್ಲಿ ಮಗನ ಮನೆ ಸೇರಿದ್ದರು, ಅಲ್ಲೇ ಇಳಿದುಕೊಂಡಳು. ಶನಿವಾರ ಮಧ್ಯಾಹ್ನ ಫೋನಿನಲ್ಲಿ ಮೂರು ಪಾಯಿಂಟ್ ಎರಡು ಎಂದು ಕೆಂಪಾಗಿ ಬಂತು. ಮೈಸೂರಿನ ಲೆಕ್ಕದಲ್ಲಿ ಐವತ್ತೆಂಟು. ಮಗಳಿಗೆ ಫೋನ್ ಮಾಡಿದೆ, ತೆಗೆಯಲಿಲ್ಲ. ಆಂಟಿಗೆ ಮಾಡಿದೆ, ತೆಗೆಯಲಿಲ್ಲ. ಆರನೇ ಸಲಕ್ಕೂ ಯಾರೂ ತೆಗೆಯಲಿಲ್ಲ. ಸಿಡ್ನಿಯಲ್ಲಿ ಕೂತು ಮೆಲ್ಬರ್ನಿನ ಆ ಮನೆಗೆ ಆಂಬುಲೆನ್ಸ್ ಕಳಿಸಿದೆ.

ಊಟ ಮಾಡಿ ಸೋಫಾದ ಮೇಲೆ ಗಾಢ ನಿದ್ದೆಯಲ್ಲಿದ್ದ ಹುಡುಗಿ, ಬಾಗಿಲು ಬಡಿದ ಸದ್ದಿಗೆ ಎದ್ದು ನೋಡಿದರೆ ಸಮವಸ್ತ್ರದ ಇಬ್ಬರು. ಹಿತ್ತಲಲ್ಲಿದ್ದ ಆಂಟಿ ಕೈಯಲ್ಲಿ ಕರಿಬೇವಿನ ಕೊಂಬೆ ಹಿಡಿದು ಓಡಿಬಂದರು. ಬೆರಳು ಚುಚ್ಚಿ ನೋಡಿದರೆ ಆರು ಪಾಯಿಂಟ್ ಎಂಟು, ಏನೂ ಆಗಿಲ್ಲ. ಸೆನ್ಸರ್ ಇದ್ದ ತೋಳಿನ ಮೇಲೆ ಮಲಗಿದ್ದಳು. ಒತ್ತಿ ಮಲಗಿದರೆ ಅದು ಸುಳ್ಳು ಸುಳ್ಳೇ ಕಡಿಮೆ ತೋರಿಸುವುದುಂಟು. ಇದು ನನಗೆ ಗೊತ್ತಿತ್ತು. ಆ ಹೊತ್ತಿನಲ್ಲಿ ನೆನಪಾಗಲಿಲ್ಲ. ಆಂಟಿ ಆಂಬುಲೆನ್ಸಿನವರಿಗೆ ಕಾಫಿ ಕುಡಿಸಿ ಕಳಿಸಿದರಂತೆ.

ಇಂಚು ನನ್ನ ಜೊತೆ ಮೂರು ದಿನ ಮಾತಾಡಲಿಲ್ಲ. ಆಮೇಲೆ ಮಾತಾಡಿದಳು, ಆದರೆ ನನ್ನ ಫೋನಿನಲ್ಲಿ ಅವಳ ಅಂಕಿಗಳು ಎಳೆಯುವ ಗೆರೆಯಲ್ಲಿ ತೂತುಗಳು ಕಾಣಿಸತೊಡಗಿದವು. ಮಧ್ಯಾಹ್ನ ಎರಡು ಗಂಟೆ ಕಾಲ ಅಂಕಿಯೇ ಇಲ್ಲ; ಸಂಜೆ ಒಂದು ಗಂಟೆ ಕಾಲ ಇಲ್ಲ. ಕೇಳಿದರೆ “ಸಿಗ್ನಲ್, ಅಪ್ಪಾ” ಎನ್ನುತ್ತಿದ್ದಳು. ಬೇರೆಯವರು ನಂಬುತ್ತಿದ್ದರೇನೋ. ರೈಲು ತಡವಾಗುವುದಕ್ಕೂ ರೈಲನ್ನೇ ರದ್ದು ಮಾಡುವುದಕ್ಕೂ ಇರುವ ವ್ಯತ್ಯಾಸ ತಿಳಿದವನು ನಾನು. ಆಂಟಿಗೆ ಫೋನ್ ಮಾಡಿ ದೂರಿದೆ: “ನೀವಾದರೂ ಹೇಳಿ ಆಂಟಿ, ನನ್ನಿಂದ ಮುಚ್ಚಿಡ್ತಿದಾಳೆ.”

ಆಂಟಿ ತಮ್ಮ ಹಳೆಯ ಕಥೆಯೊಂದನ್ನು ತೆಗೆದರು.

“ನಾನು ನಿಮಗೆ ಒಂದು ವಿಷಯ ಹೇಳ್ಲಿಲ್ಲ. ಹದಿನೇಳು ವರ್ಷ ಆಗ ನನಗೆ. ಮೊಂತಿ ಹಬ್ಬಕ್ಕೆ, ಅದು ನಮ್ಮ ಹೊಸ ತೆನೆಯ ಹಬ್ಬ, ಹೊಸ ಅಕ್ಕಿಯ ಪಾಯಸ ಮಾಡಿದ್ರು, ಕದ್ದು ತಿಂದೆ. ಮರುದಿನ ಇಟ್ಟಿಗೆ ಬಣ್ಣ ಬರ್ತದೆ ಗೊತ್ತುಂಟು. ಅಮ್ಮನ ಆ ಮುಖ ನೋಡ್ಲಿಕ್ಕೆ ಆಗುದಿಲ್ಲ ಹೇಳಿ ನಳಿಗೆಗೆ ಮೂತ್ರದ ಬದ್ಲು ಬಾವಿ ನೀರು ಹಾಕಿದೆ. ಚಂದ ನೀಲಿ! ಅಮ್ಮ ಎಷ್ಟು ನಗಾಡಿದ್ರು ಗೊತ್ತುಂಟಾ? ಆ ನಗೆಗೋಸ್ಕರ ಮೂರು ವಾರ ದಿನಾ ನೀರು ಹಾಕಿದೆ. ಮತ್ತೆ ಸಕ್ಕರೆ ಏರಿ ಕ್ಲಾಸಿನಲ್ಲಿ ಬಿದ್ದೆ. ಒಂದು ವಾರ ಆಸ್ಪತ್ರೆ. ಬದುಕಿದ್ದು ದೇವರ ದಯೆ.”

“ಅಮ್ಮ ಏನಂದ್ರು?”

“ಬೈಲಿಲ್ಲ. ಮನೆಗೆ ಬಂದ ಮೇಲೆ ನಳಿಗೆ, ದೀಪ ಎಲ್ಲ ನನ್ನ ಕೈಗೆ ಕೊಟ್ರು. ‘ಇನ್ನು ನೀನೇ ನೋಡು, ನಾನು ಕೇಳುದಿಲ್ಲ. ಬೇಕಾದ್ರೆ ಕರಿ’ ಹೇಳಿದ್ರು. ಅದರ ಮೇಲೆ ನಾನು ಒಂದು ದಿನ ಸುಳ್ಳು ಮಾಡ್ಲಿಲ್ಲ ಮಾರಾಯ್ರೆ. ಮಾಡುದಾದ್ರೂ ಯಾರಿಗೆ?”

ಫೋನ್ ಇಟ್ಟ ಮೇಲೆ ಹೊಳೆಯಿತು. ನಾನು ಮಗಳನ್ನು ಕಾಯುತ್ತಿದ್ದೇನೆ ಎಂದುಕೊಂಡಿದ್ದೆ. ಅವಳು ನನ್ನ ಮುಖ ಬಾಡದಂತೆ ಕಾಯುತ್ತಿದ್ದಳು. ತೋಳಿನಲ್ಲಿ ಯಂತ್ರವಿದ್ದೂ ಅವಳು ಬಾವಿಯ ನೀರು ಹುಡುಕುವಂತೆ ಮಾಡಿದವನು ನಾನೇ ಎಂದು ನಾಚಿಕೆಯಾಯಿತು.

ಮೆಲ್ಬರ್ನಿಗೆ ಹೊರಡುವ ಹಿಂದಿನ ದಿನ ಇಂಚುವನ್ನು ಊಟದ ಮೇಜಿಗೆ ಕರೆದೆ. ಭಾಷಣ ಸಿದ್ಧಮಾಡಿಕೊಂಡಿದ್ದೆ. ಬಾಯಿಗೆ ಬಂದದ್ದು ಬೇರೆ.

“ಪುಟ್ಟಿ, ನಿನಗೆ ಶುರುವಾದ ದಿನ, ಸಕ್ಕರೆ ಅಷ್ಟು ಏರಿದ್ದಾಗ ನಾನು ನಿನಗೆ ಮ್ಯಾಂಗೋ ಜ್ಯೂಸ್ ಕುಡಿಸಿದ್ದೆ. ಗೊತ್ತಿಲ್ಲದೆ. ಅವತ್ತಿಂದ ನಾನು…” ಹತ್ತು ವರ್ಷ ಹೇಳದೆ ಇಟ್ಟುಕೊಂಡದ್ದು ಹೇಳಲು ಒಂದು ನಿಮಿಷವೂ ಬೇಕಾಗಲಿಲ್ಲ.

ಅವಳು ನನ್ನನ್ನೇ ನೋಡಿದಳು. “ಅಪ್ಪಾ, ಐ ರಿಮೆಂಬರ್ ದಟ್ ಜ್ಯೂಸ್.” ಆಮೇಲೆ ಕಷ್ಟಪಟ್ಟು ಕನ್ನಡದಲ್ಲಿ, “ಅವತ್ತು ತುಂಬ ಬಾಯಾರಿಕೆ ಆಗಿತ್ತು. ಅದು ಬೆಸ್ಟ್ ಜ್ಯೂಸ್, ಅಪ್ಪ. ನೀನು ನನ್ನ ಕೈ ಹಿಡ್ಕೊಂಡಿದ್ದೆ.”

ನಾನು ಫೋನನ್ನು ಅವಳತ್ತ ತಳ್ಳಿದೆ, ಅಂಕಿ ಬರುವುದನ್ನು ನೀನೇ ನಿಲ್ಲಿಸು ಎಂದೆ. “ನೋ, ಯೂ ಡೂ ಇಟ್” ಎಂದು ಅವಳು ತಿರುಗಿ ತಳ್ಳಿದಳು. ನಾನೇ ಒತ್ತಿದೆ. ಒಂದು ಏರ್ಪಾಡು ಉಳಿಯಿತು: ಅಪಾಯದ ಮಟ್ಟಕ್ಕೆ ಇಳಿದರೆ ಮಾತ್ರ ಹತ್ತಿರದಲ್ಲೇ ಇರುವ ಹಿಲ್ಡಾ ಆಂಟಿಯ ಫೋನ್ ಕೂಗುತ್ತದೆ. ಅಷ್ಟು ದೂರದಿಂದ ನಾನು ಬರುವ ಹೊತ್ತಿಗೆ ಪಂಪೇ ಇನ್ಸುಲಿನ್ ನಿಲ್ಲಿಸಿರುತ್ತದೆ, ಆಂಟಿ ಎರಡು ಬೀದಿ ದಾಟಿರುತ್ತಾರೆ. ಗಂಜಿಯ ಪಕ್ಕ ಸಿರಿಂಜು ಕುದಿಸಿದ ಆ ಅಮ್ಮನಿಗೆ ಇದನ್ನೆಲ್ಲ ತೋರಿಸಬೇಕಿತ್ತು ಅನಿಸುತ್ತದೆ.

ಮೊದಲ ವಾರ ನನ್ನ ಹೆಬ್ಬೆರಳು ತಾನಾಗಿ ಫೋನಿನಲ್ಲಿ ಆ ಜಾಗಕ್ಕೆ ಹೋಗುತ್ತಿತ್ತು. ಅಲ್ಲಿ ಈಗ ಹವಾಮಾನವಿದೆ. ಮೆಲ್ಬರ್ನಿನ ಹವಾಮಾನ. ಅಷ್ಟು ಮಾಫಿ ಇರಲಿ.

ಭಾನುವಾರ ಸೀಸೆ ಮೂಸುತ್ತ ನಿಂತಿದ್ದಾಗ ಫೋನ್ ಬಂತು. ಮೈಸೂರಿನಿಂದ ಅಮ್ಮ.

“ಲೋ, ಇಂಚು ಈಗ ತಾನೇ ಫೋನ್ ಮಾಡಿದ್ಲು ಕಣೋ! ತಾನೇ ಅನ್ನ ಸಾರು ಮಾಡ್ಕೊಂಡು ತಿಂದ್ಲಂತೆ. ಎಷ್ಟಿದೆ ಮರಿ ಅಂದೆ. ತಡಿ ಅಜ್ಜಿ ಅಂದು ಅವಳೇ ಕನ್ನಡದಲ್ಲಿ ಮಗ್ಗಿ ಹೇಳಿದ್ಲು. ಹದಿನೆಂಟಾರ್ಲ ನೂರೆಂಟು ಅಂತ. ನೂರೆಂಟು ಕಣೋ, ದೇವರ ಸಂಖ್ಯೆ! ಯಾರೋ ಕಲ್ಸಿದ್ದು ಅವಳಿಗೆ?”

ಯಾರು ಕಲಿಸಿದರು? ಕಾರಿನ ಹಿಂದಿನ ಸೀಟಿನಲ್ಲಿ ಕಿವಿ ಮುಚ್ಚಿಕೊಂಡಿದ್ದಳಲ್ಲ.

ಹತ್ತು ವರ್ಷದ ಹಿಂದೆ ಅಮ್ಮನನ್ನು ಅಳಿಸಿದ್ದ ಅದೇ ಆರು. ನನಗೆ ಹೇಳುವ ಮೊದಲು ಅಜ್ಜಿಗೆ ಹೇಳಿದ್ದಾಳೆ, ತಾನಾಗಿ ಫೋನ್ ಮಾಡಿ ಹೇಳಿದ್ದಾಳೆ. ಅಮ್ಮ ಇನ್ನೂ ಏನೋ ಹೇಳುತ್ತಿದ್ದಳು, ನನ್ನ ಕಣ್ಣು ಮಂಜಾಗಿತ್ತು.

ಸೀಸೆಯನ್ನು ಎಸೆದು ಗೂಡನ್ನು ಚೆನ್ನಾಗಿ ಒರೆಸಿದೆ. ಸುಧಾ ಅಂಗಡಿಯಿಂದ ತಂದ ಬೆಣ್ಣೆಯನ್ನು ಅದರ ಎಡಗಡೆಗೆ ಸರಿಸಿಟ್ಟೆ. ಬಲಗಡೆಯ ಅರ್ಧ ಜಾಗ ಹಾಗೇ ಬಿಟ್ಟಿದ್ದೇನೆ. ರಜೆಗೆ ಬಂದಾಗ ಇಟ್ಟುಕೊಳ್ಳಲಿ.